ಹೊಲಿಗಿ ಕಾಣದ ಆಪರೇಶನ್

ಸುರಜನ ಅಪ್ಪಾರ,

ನೀವು ಡ್ಯೂಟಿ ಮುಗಿಸಿ ಬರೂದ್ರಾಗ ನಾನು ನನ್ನ ತಮ್ಮನ ಜೋಡಿ ಮಿರಜ ದವಾಖಾನಿಗೆ ಹೋಗಿರ್ತೀನಿ. ಪಲ್ಯಾ ಮುಚ್ಚಿಟ್ಟೀನಿ, ಬಿಸಿ ಮಾಡಿ ಉಣ್ಣ್ರಿ.

ನಾಳೆ ಗರ್ಭಚೀಲ ತಗೀತಾರ. ಹೊಟ್ಟಿ ಕೊಯ್ಯೂದಿಲ್ಲಂತ, ಕೆಳಗಿನ ದಾರಿಯಿಂದನ ತಗೀತಾರಂತ. ಡಾಕ್ಟರಬಾಯಿ ನಕ್ಕೋತ ಹೇಳಿದ್ರು. ನನಗ ಅಂಜಿಕಿ ಆಗೇತಿ.

ಅದಕ್ಕಿಂತ ಹೆಚ್ಚಿನ ಅಂಜಿಕಿ ಮನಿಗೆ ಬಂದ ಮ್ಯಾಲಿಂದು. ಅತ್ತಿಯವರು ಬಂದವರಿಗೆಲ್ಲಾ ತಮ್ಮ ಹಳೇ ಆಪರೇಶನ್ದು ಹೊಟ್ಟಿ ಮ್ಯಾಲಿನ ಹೊಲಿಗಿ ಗುರುತು ತೋರಸ್ತಾರ. ನನಗ ತೋರಸಾಕ ಏನೂ ಇರೂದಿಲ್ಲ. ‘ಗಾಯಾ ಏನೂ ಇಲ್ಲ, ಎದ್ದು ಎಮ್ಮಿ ಹಿಂಡು’ ಅಂತಾರ. ನಾನೂ ಎದ್ದು ಹಿಂಡಾಕ ಕುಂದರ್ತೀನಿ. ಆದರ ಒಳಗ ಹೊಲಿಗಿ ಇರ್ತಾವು, ಭಾರ ಎತ್ತಬಾರ್ದು ಅಂತ ಡಾಕ್ಟರಬಾಯಿ ಅಂದಾರ.

ಅದಕ್ಕ ಇವತ್ತು ಸಂಜಿಂದನ ನೀವು ಹಿಂಡ್ರಿ. ಎಮ್ಮಿ ಒದ್ದರ ನನ್ನ ಹಸರ ಸೀರಿ ಹೊತಗೊಂಡು ಕುಂದರ್ರಿ, ನನ್ನ ವಾಸನಿ ಹಿಡದು ಸುಮ್ಮನಿರ್ತೈತಿ. ಅತ್ತಿಯವರು ನಕ್ಕರ ನಗಲಿ.

ಅನುಸೂಯಾ