ಅನ್ನಭೇದಿ ಮತ್ತು ಅತ್ತೆಯ ಸಂಚಿ

ಜೂನ್ 10, ಬೆಳಿಗ್ಗೆ
ಡೈರಿಗೆ ಹಾಲು ಹಾಕಿ ಬಂದೆ. ಅತ್ತೆಗೆ ಕಬ್ಬಿಣದ ಮಾತ್ರೆ ಕೊಟ್ಟೆ. ಎಂದಿನಂತೆ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದರು. ನನ್ನೆದುರು ನುಂಗೋದಕ್ಕೆ ಏನು ಕಷ್ಟವೋ.
ನಾಳೆ ತಿಪಟೂರಿನಲ್ಲಿ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಹತ್ತು ದಾಟಿದ್ದರೆ ಗರ್ಭಕೋಶದ ಗಡ್ಡೆಗೆ ಆಪರೇಷನ್ ಡೇಟ್ ಕೊಡ್ತಾರೆ.

ಜೂನ್ 11
ಹಿಮೋಗ್ಲೋಬಿನ್ ಏಳೂವರೆ. ಹೋದ ಸಲವೂ ಅಷ್ಟೇ. ಡಾಕ್ಟರ್ ಮೇಡಂ ನನ್ನ ಮುಖ ನೋಡಿದರು— ಸೊಸೆ ಮಾತ್ರೆ ಕೊಡ್ತಿದಾಳೋ ಇಲ್ವೋ ಅಂತ. ಎರಡು ತಿಂಗಳಿಂದ ತಪ್ಪಿಸಿಲ್ಲ. ಅತ್ತೆ ಸಾಕ್ಷಿ ಹೇಳಬಹುದಿತ್ತು, ಬಾಯ್ತುಂಬ ಎಲೆ ಅಡಿಕೆ.
"ಇಷ್ಟು ಕಡಿಮೆ ರಕ್ತಕ್ಕೆ ಅರಿವಳಿಕೆ ಕೊಡಕ್ಕಾಗಲ್ಲ. ಬ್ಲೀಡಿಂಗ್ ಹಿಂಗೇ ಆದ್ರೆ ಕಾಯಕ್ಕೂ ಆಗಲ್ಲ" ಅಂದರು ಮೇಡಂ.
ಬಸ್ಸಲ್ಲಿ ಅತ್ತೆ ನನ್ನ ಹೆಗಲ ಮೇಲೆ ನಿದ್ದೆ ಹೋದರು. ಭಯ ಆಯ್ತು. ನಲವತ್ತೆಂಟು ವಯಸ್ಸು ಅಷ್ಟೆ.

ಜೂನ್ 13
ನುಂಗ್ತಾರೋ ಎಸೀತಾರೋ ನೋಡೇಬಿಡೋಣ ಅಂತ ಹಿಂದೆಯೇ ಹೋದೆ.
ಎಸೆಯಲಿಲ್ಲ. ಎಲೆ ಅಡಿಕೆ ಸಂಚಿ ಬಿಚ್ಚಿದರು. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಅದರ ಮೇಲೆ ಮಾತ್ರೆ ಮುರಿದು ಹಾಕಿ, ಮಡಿಸಿ ಬಾಯಿಗೆ.
"ಬರೀ ಮಾತ್ರೆ ತುಕ್ಕು ವಾಸ್ನೆ ಕಣೇ. ವಾಂತಿ ಬತ್ತದೆ. ಹಿಂಗಾದ್ರೆ ಒಳಕ್ಕೋಯ್ತದೆ."
ತೆಂಗಿನ ಬುಡಕ್ಕೆ ಉಗಿದರು. ಉಗುಳು ಕೆಂಪಲ್ಲ. ಕಪ್ಪು. ಕಾಡಿಗೆ ಥರ.
ಯಾಕೆ?

ಜೂನ್ 16
ಮಾತ್ರೆ ಶೀಟಿನ ಹಿಂದೆ ಫೆರಸ್ ಸಲ್ಫೇಟ್ ಅಂತ ಇದೆ. ಈ ಹೆಸರು ಗೊಬ್ಬರದ ಚೀಲದ ಮೇಲೆ ನೋಡಿದ ನೆನಪು. ತುರುವೇಕೆರೆಗೆ ಹೋದವಳು ರಹಮತುಲ್ಲಾ ಅಣ್ಣನ ಗೊಬ್ಬರದಂಗಡಿಗೆ ನುಗ್ಗಿದೆ. ಚೀಲ ಬಿಚ್ಚಿ ತೋರಿಸಿದರು. ತಿಳಿಹಸಿರು ಹರಳು, ಗಾಳಿ ತಾಗಿದ ಕಡೆ ಕಂದು.
"ಅನ್ನಭೇದಿ ಕಣಮ್ಮ. ಗಿಡದ ಎಲೆ ಬೆಳ್ಳಗಾದ್ರೆ ಹಾಕ್ತಾರೆ. ನಿಮ್ ತೋಟದಲ್ಲಿ ಏನಾಗೈತೆ?"
"ತೋಟಕ್ಕಲ್ಲ ಅಣ್ಣ. ನಮ್ಮತ್ತೆಗೆ."
ತಟ್ಟನೆ ಚೀಲದ ಬಾಯಿ ಕಟ್ಟಿಬಿಟ್ಟರು.
ಮಾತ್ರೆ ತೋರಿಸಿ ಎಲ್ಲಾ ಹೇಳಿದ ಮೇಲೆ ನಕ್ಕರು. ಅಂಗಡಿದು ಗಿಡಕ್ಕೆ ಮಾತ್ರ, ಬಾಯಿಗಲ್ಲ ಅಂತ ಎರಡು ಸಲ ಹೇಳಿದರು. ಅವರಜ್ಜ ಅಳಲೆಕಾಯಿ ರಸಕ್ಕೆ ಇದೇ ಅನ್ನಭೇದಿ ಹಾಕಿ ಶಾಯಿ ಮಾಡ್ತಿದ್ದರಂತೆ. ಕಪ್ಪು ಶಾಯಿ.
ಅಳಲೆಕಾಯಿ ಒಗರು. ಅಡಿಕೆಯೂ ಒಗರು...

ಅದೇ ದಿನ, ಸಂಜೆ
ಮಾತ್ರೆ ಜಜ್ಜಿದೆ. ಕೆಂಪೆಲ್ಲ ಮೇಲಿನ ಅಂಗಿ. ಒಳಗೆ ಬೂದು ಪುಡಿ. ನೀರಲ್ಲಿ ಕದಡಿ ಒಂದೊಂದು ಲೋಟಕ್ಕೂ ಬಿಟ್ಟೆ. ಟೀ ಡಿಕಾಕ್ಷನ್— ಕಪ್ಪು. ದಾಳಿಂಬೆ ಸಿಪ್ಪೆ ನೆನೆಸಿದ ನೀರು— ಕಪ್ಪು. ಅಡಿಕೆ ನೀರು— ನೋಡ್ತಾ ನೋಡ್ತಾ ಇನ್ನೂ ಕಪ್ಪು. ಅಂದರೆ ಒಗರು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತೆ. ಬಿಟ್ಟರೆ ತಾನೆ ರಕ್ತಕ್ಕೆ ಸೇರೋದು. ಅತ್ತೆ ಎರಡು ತಿಂಗಳಿಂದ ಶಾಯಿ ಮಾಡಿ ಉಗೀತಿದ್ದಾರೆ.
ಸುಮ್ಮನೆ ನಿಂಬೆಹಣ್ಣು ಹಿಂಡಿದೆ. ಕಪ್ಪು ಕರಗಿ ತಿಳಿಯಾಯ್ತು.
ಸಾರು ಸೀದುಹೋಯ್ತು. ಇವರು ಬೈದರು. ಬೈಯಲಿ.

ಜೂನ್ 17
ಸಂಚಿ ಬಚ್ಚಿಟ್ಟೆ. ಅತ್ತೆ ಮನೆಯೆಲ್ಲ ಹುಡುಕಿ ನನ್ನೆದುರು ನಿಂತರು.
"ನಿಮ್ಮಾವ ಹೋದಾಗ ಹೂವ ಬುಟ್ಟೆ. ಬಳೆ ಬುಟ್ಟೆ. ಯಾರೂ ನನ್ನ ಕೇಳ್ಲಿಲ್ಲ. ಇದೊಂದು ಉಳ್ಕಂಡಿತ್ತು. ಇದ್ನೂ ಕಿತ್ಕೋ."


ಜೂನ್ 21
ಇಷ್ಟು ದಿನ ಅತ್ತೆ ಮಾತ್ರೆ ಮುಟ್ಟಿಲ್ಲ. ನಾಚಿಕೆ ಆಗಿದೆ ನನಗೆ.
ಇವತ್ತು ಮೇಡಂಗೆ ಫೋನ್ ಮಾಡಿ ಕೇಳಿದೆ. ನಿನ್ನ ಊಹೆ ಸರಿ ಅಂದರು. ಅಡಿಕೆ, ಟೀ ಎರಡೂ ಮಾತ್ರೆಯಿಂದ ಎರಡು ಗಂಟೆ ದೂರ ಇರಲಿ. ಮಾತ್ರೆ ಜೊತೆ ನಿಂಬೆ ಪಾನಕ ಕೊಡು. ಅಷ್ಟೇ. ಅಡಿಕೆ ಬಿಡಿಸಬೇಕಾಗೇ ಇರಲಿಲ್ಲ.
ಸಂಚಿ ತಂದು ಅತ್ತೆ ಮಡಿಲಿಗಿಟ್ಟೆ. ಎರಡು ಲೋಟ ಇಟ್ಟು ಅವರ ಅಡಿಕೆಯಿಂದಲೇ ಕಪ್ಪು ಮಾಡಿ ತೋರಿಸಿದೆ. ನಿಂಬೆಹಣ್ಣು ಕೈಗೆ ಕೊಟ್ಟೆ. ಹಿಂಡಿದರು. ಬಗ್ಗಿ ನೋಡಿದರು.
"ಇನ್ನೊಂದು ಲೋಟಕ್ಕೂ ಹಾಕ್ತೀನಿ ತಾಳು."

ಜುಲೈ 14
ಎದ್ದ ಕೂಡಲೇ ಪಾನಕ, ಮಾತ್ರೆ. ಹಸುಗಳ ಕೆಲಸ ಪೂರ್ತಿ ಮುಗಿದ ಮೇಲೆ ಸಂಚಿ. ರಕ್ತ ಒಂಬತ್ತಕ್ಕೆ ಬಂದಿದೆ.
ಅತ್ತೆಗೆ ಈಗ ಹುಚ್ಚು. ಎಳನೀರು ಮಟ್ಟೆ ಜಜ್ಜಿ ರಸ ಹಿಂಡಿ, "ಇದೂ ಒಗರೇ ಕಣೇ, ಚೂರು ಮಾತ್ರೆ ಹಾಕು" ಅಂದರು. ಕಪ್ಪಾಯ್ತು. ಇವರ ಬಿಳಿ ಪಂಚೆ ಮೇಲೆ ಚೆಲ್ಲಿತು, ಇಬ್ಬರೂ ಸೇರಿ ನಿಂಬೆಹಣ್ಣು ಉಜ್ಜಿದೆವು.

ಆಗಸ್ಟ್ 5
ಹತ್ತೂ ಕಾಲು. ಡೇಟ್ ಸಿಕ್ಕಿತು.

ಆಗಸ್ಟ್ 12, ಆಸ್ಪತ್ರೆ
ಅತ್ತೆನ ಒಳಗೆ ಕರೆದುಕೊಂಡು ಹೋಗಿ ತುಂಬ ಹೊತ್ತಾಯ್ತು. ಹೋಗುವಾಗ ಸಂಚಿ ನನ್ನ ಕೈಗಿಟ್ಟರು. "ಬಚ್ಚಿಡಬ್ಯಾಡ. ಎದ್ದು ಕೇಳ್ತೀನಿ."
ಇವರು ಬಾಗಿಲನ್ನೇ ನೋಡ್ತಾ ಕೂತಿದ್ದಾರೆ. ನನಗೆ ನೋಡೋಕಾಗ್ತಿಲ್ಲ, ಅದಕ್ಕೇ ಬರೀತಿದೀನಿ. ಕೇಳದೇ ಹೋದರೆ...
ಸಂಚಿಯ ಎಲೆ ಬಾಡ್ತಿದೆ. ನೀರು ಚಿಮುಕಿಸಿದೆ. ಆಗಲೇ ಚಿಮುಕಿಸಿದ್ದೆ. ಮತ್ತೆ ಚಿಮುಕಿಸಿದೆ.
ನರ್ಸ್ ಬಂದರು. ನಗ್ತಿದ್ದಾರೆ. ಎಚ್ಚರ ಆಗಿದೆಯಂತೆ. ಅದೇನೋ ಸಂಚಿ, ನನ್ನ ಸೊಸೆ ಸುನಂದನ ಹತ್ರ ಐತೆ ಅಂತ ಒಂದೇ ಸಮನೆ—