ಧರ್ಮಪಿತನೆದುರು ಗೋಲು

ಮೇ ೪, ೧೯೫೮. ಭಾನುವಾರ, ಸಂಜೆ

ಬೂಟುಗಳಿಗೆ ಹಂದಿಕೊಬ್ಬು ಸವರಿ ಒಣಗಲಿಟ್ಟದ್ದಾಯಿತು. ಆಟಗಾರರೇ ಮಾಡಿಕೊಳ್ಳಬೇಕಾದ ಕೆಲಸ. ಮಾಡುವುದಿಲ್ಲ. ಮ್ಯಾಚು ಮುಗಿದೊಡನೆ ಸೂರ್ಯಕಾಂತಿ ಬೀಜ ಜಗಿದು, ಸಿಪ್ಪೆಯನ್ನು ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆಯೇ ಉಗುಳಿ ಹೊರಟುಹೋಗುವ ವೀರರು. ಪೊರಕೆ ನನ್ನ ಪಾಲಿಗೆ — ರಾಷ್ಟ್ರತಂಡದ ಅಂಗಿ ತೊಟ್ಟು ಬೆಲ್‌ಗ್ರೇಡಿನಲ್ಲಿ ಆಡಿಬಂದ ಆಕ್ಸೆಂತೆ ತೊಡಿಂಕಾ ಎಂಬವನ ಪಾಲಿಗೆ.

ಗೆದ್ದೆವು. ಎರಡು ಗೋಲೂ ರೊಮುಲ್‌ನವು. ನಮ್ಮ ಬಟ್ಟೆ ಕಾರ್ಖಾನೆಯ ದಾಖಲೆಯಲ್ಲಿ ಅವನು ನೇಕಾರ. ಮಗ್ಗದ ಹತ್ತಿರ ಸುಳಿದವನಲ್ಲ. ಇರಲಿ. ಬಾತುಕೋಳಿ ಕಾಯುತ್ತಿದ್ದವನನ್ನು ತಿಮಿಷ್ ನದಿಯ ದಡದಿಂದ ಕರೆತಂದು ಆಟ ಕಲಿಸಿದವನು ನಾನು.

ಕ್ಲಬ್ಬಿಗೆ ಮತ್ತೆ ನಾಮಕರಣವಾಗಿದೆ. ನಾನು ಗೋಲು ಹೊಡೆಯುತ್ತಿದ್ದ ಕಾಲದಲ್ಲಿ ನೇಕಾರರ ಸಂಘವೆಂದಿತ್ತು. ಈಗ ಯಾವುದೋ ಬಾವುಟದ ಹೆಸರು. ಮುಂದೆ ಬಾವುಟದ ಕೋಲಿನ ಹೆಸರನ್ನೂ ಇಟ್ಟಾರು.

ಕೊನೆಯ ಮ್ಯಾಚು ಜೂನ್ ಎಂಟಕ್ಕೆ, ನದಿಯ ಮೇಲ್ಗಡೆಯ ಊರಿನ ಚರ್ಮದ ಕಾರ್ಖಾನೆಯವರೊಂದಿಗೆ. ಗೆದ್ದರೆ ನಾವು ಉಳಿಯುತ್ತೇವೆ, ಅವರು ಕೆಳದರ್ಜೆಗೆ ಇಳಿಯುತ್ತಾರೆ. ಸಮವಾದರೂ ಇಳಿಯುವವರು ನಾವೇ. ಇಳಿದರೆ ಮೈದಾನವನ್ನು ನೂಲು ಒಣಗಿಸುವ ಅಂಗಳ ಮಾಡುವರಂತೆ.

ಮೇ ೯, ಶುಕ್ರವಾರ

ಇಪ್ಪತ್ತೈದಕ್ಕೆ ರೊಮುಲ್‌ನ ಮದುವೆ. ಹುಡುಗಿ ಅನುತ್ಸಾ, ನೂಲುವ ವಿಭಾಗದವಳು, ಮಾತು ಕಡಿಮೆ. ಚರ್ಚಿನಲ್ಲಿ ವಧೂವರರ ಪಕ್ಕ ಧರ್ಮಪಿತನಾಗಿ ಮೇಣದಬತ್ತಿ ಹಿಡಿದು ನಿಲ್ಲುವವನು ನಾನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಹೆತ್ತವರು ಜನ್ಮ ಕೊಡುವುದಕ್ಕೆ. ಮದುವೆಯ ಧರ್ಮಪಿತನು ಮುಂದಿನ ಬದುಕೆಲ್ಲಕ್ಕೆ. ನನ್ನ ಹೆಂಡತಿ ಕಾತಿಟ್ಸಾ ಈಗಾಗಲೇ ಎರಡು ಉದ್ದನೆಯ ಮೇಣದಬತ್ತಿ ತಂದು ಬೀರುವಿನಲ್ಲಿಟ್ಟಿದ್ದಾಳೆ.

"ಮುದುಕಾ, ಆ ಕರೀ ಕೋಟು ಹಾಕಿ ನೋಡು. ಹೊಟ್ಟೆ ಮುಂದೆ ಬಂದಿದೆ, ಗುಂಡಿ ಗೋಲ್‌ಕೀಪರ್ ಥರ ಹಾರುತ್ತೆ."

ಹಾರಲಿಲ್ಲ. ಉಸಿರು ಬಿಗಿಹಿಡಿದಿದ್ದೆ.

ಮೇ ೧೪, ಬುಧವಾರ

ರೊಮುಲ್ ಮನೆಗೆ ಬಂದಿದ್ದ. ಎರಡು ತಟ್ಟೆ ಹುರುಳಿಕಾಯಿ ಸಾರು ತೀರಿಸಿದ ಮೇಲೆ ಕೆಮ್ಮಿದ.

"ಮೇಷ್ಟ್ರೇ, ಒಂದ್ ಮಾತು. ಬೇಜಾರು ಮಾಡ್ಕೋಬಾರ್ದು."

"ಕಾಲು ಉಳುಕಿದೆಯಾ?"

"ಕಾಲು ಚೆನ್ನಾಗಿದೆ. ಧರ್ಮಪಿತ ಆಗ್ತೀನಿ ಅಂತ ಡೈರೆಕ್ಟರ್ ವೊಯಿಚಿಲಾ ಅವ್ರು ಒಪ್ಕೊಂಡಿದಾರೆ."

ವೊಯಿಚಿಲಾ! ಚರ್ಮದ ಕಾರ್ಖಾನೆಯ ಡೈರೆಕ್ಟರು. ಎದುರಾಳಿ ಟೀಮಿನ ಯಜಮಾನ. ಅವನು ಕೋಣೆಗೆ ಬರುವ ಮೊದಲೇ ಹಸಿ ತೊಗಲಿನ ವಾಸನೆ ಬಂದಿರುತ್ತದೆ. ಅತ್ತರು ಬಳಿದುಕೊಂಡರಂತೂ ಇನ್ನೂ ಅಸಹ್ಯ.

"ಎರಡು ಕೋಣೆ ಮನೆ ಕೊಡ್ತಾರಂತೆ, ಹೊಸಾ ಕಟ್ಟಡದಲ್ಲಿ. ನಲ್ಲಿ ಒಳಗೇ ಇದೆ. ಇಲ್ಲಿ ಅನುತ್ಸಾ ಅಮ್ಮನ ಮನೇಲಿ ಏಳು ಜನ ಮಲಗ್ಬೇಕು, ಮೇಷ್ಟ್ರೇ. ಹೊರಳೋಕೂ ಸರದಿ."

ಹೇಳಬಹುದಾದದ್ದು ಬಹಳವಿತ್ತು. "ಶುಭವಾಗಲಿ" ಎಂದೆ. ಅವನು ಹಗುರಾಗಿ, ಬಾಗಿಲಲ್ಲಿ ಶಿಳ್ಳೆ ಹಾಕುತ್ತ ಹೋದ. ಆ ಶಿಳ್ಳೆ!

ಕಾತಿಟ್ಸಾ ಮೇಣದಬತ್ತಿಗಳನ್ನು ಅಂಗಡಿಗೆ ಹಿಂದಿರುಗಿಸಿದಳು. ಅಂಗಡಿಯವಳು ಕಾರಣ ಕೇಳಿದ್ದಾಳೆ. ಸಂಜೆಯ ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು.

ಮೇ ೨೫, ಭಾನುವಾರ

ಮದುವೆಗೆ ಹೋಗಿದ್ದೆ. ಹೋಗದಿದ್ದರೆ ಕೋಪಿಸಿಕೊಂಡಿದ್ದಾನೆಂದು ಆಡಿಕೊಳ್ಳುತ್ತಿದ್ದರು. ಕೋಪಿಸಿಕೊಂಡಿಲ್ಲ. ಹೇಸಿಕೊಂಡಿದ್ದೇನೆ, ಅದು ಬೇರೆ.

ಚರ್ಚಿನಲ್ಲಿ ವೊಯಿಚಿಲಾ ಮೇಣದಬತ್ತಿಯನ್ನು ಕೊಡೆ ಹಿಡಿದಂತೆ ಹಿಡಿದಿದ್ದ. ಮೇಣವೆಲ್ಲ ಪಾದ್ರಿಯ ಬೂಟಿನ ಮೇಲೆ. ಊಟದ ಮೇಜಿನಲ್ಲಿ ರೊಮುಲ್ ಬಾಗಿ ಅವನ ಕೈಗೆ ಮುತ್ತಿಟ್ಟ. ವಾಡಿಕೆ, ನಿಜ. ಆದರೆ ಆ ಕೈಯಲ್ಲಿ ಕೋಳಿಯ ಕಾಲಿತ್ತು. ಅದನ್ನು ಕೆಳಗಿಡುವಷ್ಟು ಸೌಜನ್ಯವೂ ಇಲ್ಲ.

ಆಮೇಲೆ ನನ್ನ ಬೆನ್ನು ತಟ್ಟಿದ.

"ಏನಪ್ಪಾ ಕೋಚು, ಮುಖ ಯಾಕೆ ಹುಳಿ ಎಲೆಕೋಸು ಆಗಿದೆ? ಕುಡಿ! ಇನ್ನೆರಡು ಭಾನುವಾರ ನನ್ನ ಮಗನ ಕಾಲು ಜೋಪಾನ ಮಾಡು. ಆಮೇಲೆ ನಮ್ಮ ಟೀಮಿಗೆ ಬರ್ತಾನೆ, ನಾವೇ ನೋಡ್ಕೋತೀವಿ."

"ಎಂಟನೇ ತಾರೀಕು ಆ ಕಾಲು ನಿಮ್ಮ ಗೋಲಿನ ಕಡೆಗೇ ಓಡುತ್ತೆ, ಕಾಮ್ರೇಡ್ ಡೈರೆಕ್ಟರ್."

"ಓಡ್ಲಿ, ಓಡ್ಲಿ. ಓಟ ಆರೋಗ್ಯಕ್ಕೆ ಒಳ್ಳೇದು." ಮೇಜಿನ ಸುತ್ತಲಿದ್ದವರೆಲ್ಲ ನಕ್ಕರು. ರೊಮುಲ್ ತಟ್ಟೆ ನೋಡುತ್ತಿದ್ದ.

ಯೌವನದಲ್ಲಿ ನನ್ನ ಭಾವಮೈದುನನೇ ಎದುರಾಳಿಯ ಗೋಲ್‌ಕೀಪರ್. ಮೂರು ಹೊಡೆದಿದ್ದೆ. ಮಾವನ ಮನೆಯಲ್ಲಿ ವರುಷವಿಡೀ ನನಗೆ ಸಾರು ಬಡಿಸಲಿಲ್ಲ. ನಾನೂ ಕೇಳಲಿಲ್ಲ. ಆಗ ವಾರವೆಲ್ಲ ವಕೀಲರ ಕಚೇರಿಯಲ್ಲಿ ಪರರ ಮನವಿಗಳನ್ನು ನಕಲು ಮಾಡುತ್ತಿದ್ದೆ. ನನಗಾಗಿ ಒಂದನ್ನೂ ಬರೆದವನಲ್ಲ.

ಜೂನ್ ೭, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಕಾರ್ಖಾನೆಯ ಸಮಿತಿಯವರು ಕರೆಸಿಕೊಂಡು, ರೊಮುಲ್‌ನನ್ನು ಆಡಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಎಂದರು. ಅಂದರೆ ಸೋತರೆ ನನ್ನ ತಲೆ, ಗೆದ್ದರೆ ಸಮಿತಿಯ ಮಾರ್ಗದರ್ಶನ. ಹೇಡಿಗಳು!

ಇಂದು ಅಭ್ಯಾಸ ಮುಗಿದ ಮೇಲೆ ರೊಮುಲ್‌ನನ್ನು ಗೋಲುಕಂಬದ ಹತ್ತಿರ ನಿಲ್ಲಿಸಿಕೊಂಡೆ.

"ನಾಳೆ ಹೊಡೀತೀಯೋ ಇಲ್ವೋ? ಬಾಯಿಬಿಟ್ಟು ಹೇಳು."

"ಧರ್ಮಪಿತ ಮೊದಲನೇ ಸಾಲಲ್ಲಿ ಕೂತಿರ್ತಾರೆ, ಮೇಷ್ಟ್ರೇ. ಮನೆ ಬೀಗದಕೈ ನನ್ನ ಜೇಬಲ್ಲಿದೆ. ಅವ್ರ ಮುಖಕ್ಕೆ ಹೊಡೆದ ಹಾಗಲ್ವಾ?"

"ಚೆಂಡನ್ನ ಹೊಡೀತೀಯ. ಮುಖಾನಲ್ಲ."

"ನೀವೇ ನನ್ನ ಧರ್ಮಪಿತ ಆಗಿದ್ದು, ನಾನು ಬೇರೆ ಟೀಮಿಂದ ಬಂದು ನಿಮ್ಮ ವಿರುದ್ಧ ಗೋಲು ಹೊಡೆದಿದ್ರೆ?"

ಸುಳ್ಳು ಹೇಳುವ ಅಭ್ಯಾಸವಿಲ್ಲ. "ಕೆನ್ನೆಗೆ ಬಾರಿಸ್ತಿದ್ದೆ" ಎಂದೆ.

"ನೋಡಿದ್ರಾ!"

ಆದರೂ ಪಟ್ಟಿಯಲ್ಲಿ ಅವನ ಹೆಸರನ್ನೇ ಬರೆದೆ. ಕೈಬಿಟ್ಟರೆ, ಧರ್ಮಪಿತನಾಗಲು ಕರೆಯದ ಸಿಟ್ಟನ್ನು ಆಟದಲ್ಲಿ ತೀರಿಸಿಕೊಂಡ ಮುದುಕನೆಂಬ ಹೆಸರು ಬರುವುದು. ಅದಕ್ಕಿಂತ ಕೆಳದರ್ಜೆ ಮೇಲು.

ಜೂನ್ ೮, ಭಾನುವಾರ

ಗೆದ್ದೆವು. ಒಂದು-ಸೊನ್ನೆ. ಉಳಿದುಕೊಂಡೆವು. ಇದಕ್ಕಿಂತ ಹೇಸಿಗೆಯ ಗೆಲುವನ್ನು ನಾನು ಕಂಡಿಲ್ಲ.

ಪೂರ್ವಾರ್ಧವೆಲ್ಲ ರೊಮುಲ್ ಚೆಂಡಿನಿಂದ ಸಾಲಗಾರನಂತೆ ತಪ್ಪಿಸಿಕೊಂಡು ತಿರುಗಿದ. ಜನ ಕೂಗಿದರು: "ಏ ಮದುಮಗಾ, ಹೆಂಡ್ತಿ ಮಲಗೋಕೆ ಬಿಟ್ಟಿಲ್ವೇನೋ?" ಉತ್ತರಾರ್ಧದ ಕೊನೆಗೆ ಚೆಂಡು ತಾನಾಗಿ ಅವನ ಕಾಲಿಗೆ ಬಂದು ಬಿತ್ತು. ಎದುರಿಗೆ ಕೀಪರ್ ಒಬ್ಬನೇ. ಒಂದು ಕ್ಷಣ ನಿಂತ. ಅಲ್ಲಿಯೇ ಎಲ್ಲ ಮುಗಿಯಿತೆಂದುಕೊಂಡೆ. ಆದರೆ ಕಾಲು ತಾನಾಗಿ ಬೀಸಿತು — ಎಡಗಾಲು, ನಾನು ಕಲಿಸಿದ ಹಾಗೆಯೇ, ಕೆಳಗೆ, ಮೂಲೆಗೆ.

ಜನ ಹುಚ್ಚೆದ್ದರು. ಗೆಳೆಯರು ತಬ್ಬಲು ಓಡಿದರು. ಅವನು ಅವರೆಲ್ಲರ ಕೈ ಕೊಡವಿಕೊಂಡು, ಕಟ್ಟೆ ಹಾರಿ, ಮೊದಲನೆಯ ಸಾಲಿಗೆ ಹೋಗಿ ವೊಯಿಚಿಲಾನ ಮುಂದೆ ಮಂಡಿಯೂರಿ ಕೈಗೆ ಮುತ್ತಿಡಲು ಬಾಗಿದ. "ತಪ್ಪಾಯ್ತು ಧರ್ಮಪಿತಾ, ಕ್ಷಮಿಸಿ!" ಎಂದು ಅವನು ಕೂಗಿದ್ದು ನನ್ನ ಬೆಂಚಿನವರೆಗೂ ಕೇಳಿಸಿತು.

ಗೋಲಿಗೆ ಕ್ಷಮೆ! ಇಡೀ ಮೈದಾನದೆದುರು!

ವೊಯಿಚಿಲಾ ಕೈಯನ್ನು ಹಿಂದಕ್ಕೆಳೆದು ಕೋಟಿನ ಜೇಬಿನಲ್ಲಿಟ್ಟುಕೊಂಡ. ಹುಡುಗನ ತುಟಿ ಗಾಳಿಯಲ್ಲಿಯೇ ಉಳಿಯಿತು. ಜನ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

ರೆಫರಿಯ ಕೊನೆಯ ಶಿಳ್ಳೆಗೆ ಕಾಯದೆ ಮನೆಗೆ ಬಂದೆ. ಟೀಮು ನನ್ನನ್ನು ಹೆಗಲ ಮೇಲೆ ಹೊರಲು ಹುಡುಕಿತಂತೆ. ಹೊರುವುದಾದರೆ ಆ ಮಂಡಿಯೂರಿದವನನ್ನು ಹೊತ್ತುಕೊಳ್ಳಲಿ. ಗೋಲು ಹೊಡೆದ ಕಾಲು ನಾನು ತಿದ್ದಿದ್ದು. ಆ ತುಟಿ ನನ್ನದಲ್ಲ.

ಜೂನ್ ೧೪, ಶನಿವಾರ, ಸಂಜೆ

ವೊಯಿಚಿಲಾ ರೊಮುಲ್‌ನಿಂದ ಮನೆಯ ಬೀಗದಕೈ ಕಸಿದುಕೊಂಡನಂತೆ. ಧರ್ಮಪುತ್ರನೆಂದು ಇನ್ನು ಹೊಸ್ತಿಲು ತುಳಿಯಬೇಡ ಎಂದನಂತೆ. ಕಾತಿಟ್ಸಾಗೆ ಮಾರುಕಟ್ಟೆಯಲ್ಲಿ ತಿಳಿಯಿತು. ಅನುತ್ಸಾಳ ತಾಯಿಯ ಮನೆಯಲ್ಲಿಯೂ ಜಾಗವಿಲ್ಲ; ಇವರ ಹಾಸಿಗೆಗೆ ಆಗಲೇ ಅವಳ ಅಣ್ಣ ಬಂದಿದ್ದಾನೆ.

ಹೀಗೇ ಆಗಬೇಕಿತ್ತು ಎಂದೆ. ಕಾತಿಟ್ಸಾ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕಿದಳು.

ಈಗ ರೊಮುಲ್, ಅನುತ್ಸಾ ಇಬ್ಬರೂ ನಮ್ಮ ಗೇಟಿನ ಹೊರಗೆ ಹಿಪ್ಪುನೇರಳೆ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಕಾಲ ಬಳಿ ಒಂದು ಗಂಟು, ಒಂದು ದಿಂಬು. ಬಹಳ ಹೊತ್ತಾಯಿತು. ಬಾಗಿಲು ತಟ್ಟುತ್ತಿಲ್ಲ.

"ಕರೀಬಾರ್ದಾ?" ಎಂದಳು ಕಾತಿಟ್ಸಾ.

"ಬೇಕಾದವನು ಕೇಳ್ಲಿ."

"ಆ ಹುಡುಗ ಒಂದ್ಸಲ ಬಗ್ಗಿ ಊರೆಲ್ಲಾ ನಗಿಸ್ಕೊಂಡ. ಇನ್ನೊಂದ್ಸಲ ನಿನ್ನ ಮುಂದೆ ಬಗ್ಗಬೇಕಾ? ನೀನೂ ಆ ಚರ್ಮದವನೂ ಒಂದೇನಾ, ಮುದುಕಾ?"

ಒಂದಲ್ಲ! ನಾನೂ ಅವನೂ — ಆ ಮಾತನ್ನು ಅವಳು ಹೇಗೆ ಆಡಿದಳು? ಮೂವತ್ತು ವರುಷ ಸಂಸಾರ ಮಾಡಿದವಳು!

ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟಿದ್ದಾಳೆ. ಮುಂದಿನ ಕೋಣೆಯ ಮಂಚಕ್ಕೆ ಹೊಸ ಹೊದಿಕೆ ಹಾಸುತ್ತಿದ್ದಾಳೆ. ನನ್ನ ಅಪ್ಪಣೆ ಕೇಳಿಲ್ಲ. ಹಾಸಲಿ. ಹೊರಗೆ ಅನುತ್ಸಾ ಅವನ ಹೆಗಲಿಗೆ ತಲೆಯಿಟ್ಟಿದ್ದಾಳೆ. ಅವನು ಎದ್ದು ನಿಂತ. ಗಂಟನ್ನು ಕೈಗೆತ್ತಿಕೊಂಡ. ಗೇಟಿನ ಕಡೆಗಲ್ಲ, ರಸ್ತೆಯ ಕಡೆಗೆ ನೋಡುತ್ತಿದ್ದಾನೆ, ಮೂರ್ಖ. ಬಾಗಿಲವರೆಗೆ ಮಾತ್ರ ಹೋಗುತ್ತೇನೆ. ಕೂಗುವುದಿಲ್ಲ. ಹೆಸರು ಹಿಡಿದು ಕರೆಯುವುದಂತೂ —