ನೋ ಇಷ್ಯೂ

ಹುಮನಾಬಾದ್, 9 ಜನವರಿ 1950, ಸೋಮವಾರ

ಹೊಸ ಸಾಹೇಬರು ಮದ್ರಾಸ್ ಕಡೆಯವರು. ಉರ್ದೂ ಬರುವುದಿಲ್ಲ, ಕನ್ನಡವೂ ಇಲ್ಲ. ಇನ್ನು ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿ. ಹದಿನೆಂಟು ವರ್ಷ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಉರ್ದೂ ಅರ್ಜಿ ಬರೆದವನು ನಾನು. ಈಗ ಎ, ಬಿ, ಸಿ!

ಆದರೂ ಮಜಾ ಇದೆ. ಕೋರ್ಟಿನಲ್ಲಿ ಪಾರ್ಟಿ ಎಂದರೆ ಊಟವಲ್ಲ, ಮನುಷ್ಯ. ಸೂಟ್ ಎಂದರೆ ಬಟ್ಟೆಯಲ್ಲ, ದಾವೆ. ದಿನಕ್ಕೆರಡು ಶಬ್ದ ಬರೆದಿಟ್ಟುಕೊಳ್ಳುವುದು.

17 ಜನವರಿ

ರಾಜೇಶ್ವರದಿಂದ ವಜೀರಬಿ ಬಂದಿದ್ದಳು, ಪುಟ್ಟ ಮಗಳನ್ನು ಕರೆದುಕೊಂಡು. ಗಂಡ ಮಹೆಬೂಬ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದ. ಮನೆ, ನಾಲ್ಕೆಕರೆ ಹೊಲ ತನಗೂ ಮಗಳಿಗೂ ಸೇರಬೇಕಂತೆ. ಅಚ್ಚಾದ ಫಾರಂ. ಹುಡುಗಿ ಮಸಿಕುಡಿಕೆಯಲ್ಲಿ ಬೆರಳು ಅದ್ದಿತು. ಗದರಿದೆ.

ಏಳನೆಯ ಸಾಲು: ‘ಇಷ್ಯೂ, ಇಫ್ ಎನಿ’. ಇಷ್ಯೂ ನನಗೆ ಗೊತ್ತು. ವಕೀಲರು ದಿನವೂ ಹೇಳುತ್ತಾರೆ — ತಕರಾರು, ವಿವಾದದ ಮಾತು.

“ಮೈದುನನ ಕೂಡ ತಕರಾರ ಏನರೆ ಅದ ಏನವ್ವಾ?”

“ಇಲ್ರಿ ಮುನ್ಶಿ ಸಾಬ್. ಬಂದೇನವಾಜ್ ಛಲೋ ಮನಶ್ಯಾ ಅದಾನ್ರಿ.”

‘ನೋ ಇಷ್ಯೂ’ ಎಂದು ಬರೆದೆ. ಎರಡೇ ಶಬ್ದ, ಕೆಲಸ ಮುಗಿಯಿತು. ಇಂಗ್ಲಿಷ್ ಎಷ್ಟು ಚುಟುಕು ಭಾಷೆ!

26 ಜನವರಿ

ಕಚೇರಿಗೆ ರಜೆ. ಪೇಡೆ ಹಂಚಿದರು. ರಿಪಬ್ಲಿಕ್ ಎಂದರೇನು ಎಂದು ಮೂವರನ್ನು ಕೇಳಿದೆ. ಮೂರು ಅರ್ಥ ಬಂದವು. ಮೂರನ್ನೂ ಬರೆದಿಟ್ಟಿದ್ದೇನೆ.

3 ಮಾರ್ಚ್, ಶುಕ್ರವಾರ

ವಜೀರಬಿ ಅಳುತ್ತ ಬಂದಳು. ಕಚೇರಿಯ ಕಾರಕೂನ ಕಾಗದ ಓದಿ ಹೇಳಿದನಂತೆ: ನಿನಗೆ ಮಕ್ಕಳಿಲ್ಲ, ಮಗಳ ಪಾಲಿನ ಮಾತೇ ಇಲ್ಲ, ನಿನ್ನ ಪಾಲು ಬಿಟ್ಟು ಉಳಿದದ್ದೆಲ್ಲ ಮೈದುನನಿಗೆ.

“ಇಕಿ ಯಾರ್ ಹಂಗಾರ? ನನ್ನ ಹೊಟ್ಯಾಗ ಹುಟ್ಟಿದಾಕಿ ಅಲ್ಲೇನ್ರಿ?” ಹುಡುಗಿಯನ್ನು ನನ್ನ ಮುಂದೆ ನೂಕಿದಳು.

ನಕ್ಕೆ. ಸಾಹೇಬರ ಕಡೆ ಏನೋ ಗೊಂದಲ, ಹೆದರಬೇಡ ಎಂದೆ. ಸೋಮವಾರ ಕೊನೆಯ ವಿಚಾರಣೆ. ಆದರೆ ಏಳನೆಯ ಸಾಲು ನೆನಪಾಯಿತು. ನಾಳೆ ಕಲ್ಯಾಣಕ್ಕೆ ಹೋಗಿ ಆ ಶಬ್ದ ನೋಡಿ ಬರಬೇಕು.

4 ಮಾರ್ಚ್, ಕಲ್ಯಾಣ

ದತ್ತಾತ್ರಿ ಮಾಸ್ತರರ ಮನೆಗೆ ಬಂದೆ. ಈ ಭಾಗದಲ್ಲಿ ದಪ್ಪ ಡಿಕ್ಷನರಿ ಇರುವುದು ಅವರಲ್ಲೇ. ಇಷ್ಯೂ: ಹೊರಗೆ ಬರುವುದು. ಪತ್ರಿಕೆಯ ಸಂಚಿಕೆ. ವಿವಾದದ ವಿಷಯ. ಅದರ ಕೆಳಗೆ, ಕಾಯಿದೆಯಲ್ಲಿ — ಸಂತಾನ.

ಸಂತಾನ!

ಜಗಳಕ್ಕೂ ಮಕ್ಕಳಿಗೂ ಒಂದೇ ಶಬ್ದ. ಯಾವ ಪುಣ್ಯಾತ್ಮ ಮಾಡಿದನೋ.

“ನಿನ್ನ ಮನ್ಯಾಗೂ ಎರಡೂ ಒಂದೇ ಅಲ್ಲೇನಪಾ ಗುಂಡಪ್ಪ?” ಮಾಸ್ತರರು ನಕ್ಕರು. ನನಗೆ ನಗು ಬರಲಿಲ್ಲ. ಕಣ್ಣೆದುರು ನಿಂತ ಮಗುವನ್ನು ಇಲ್ಲ ಎಂದು ಬರೆದಿದ್ದೇನೆ, ನನ್ನದೇ ಕೈಯಿಂದ.

ಒಪ್ಪಿಕೊಂಡರೆ ನನ್ನ ಲೈಸೆನ್ಸು ಹೋಗಬಹುದು. ಸುಮ್ಮನಿದ್ದರೆ... ವಜೀರಬಿಯೇ ತಪ್ಪು ಹೇಳಿದಳು ಎಂದರೆ ಯಾರೂ ಕೇಳುವುದಿಲ್ಲ. ಆಕೆಗೆ ಓದಲು ಬಾರದು. ಥೂ, ಇಂಥದ್ದು ತಲೆಯೊಳಗಾದರೂ ಹೇಗೆ ಬಂತು?

6 ಮಾರ್ಚ್, ಹುಮನಾಬಾದ್

ವಿಚಾರಣೆಯಲ್ಲಿ ಹೇಳಿಬಿಟ್ಟೆ. “ತಪ್ಪ ಆಕಿದಲ್ರಿ, ನಂದು.” ಕಾರಕೂನ ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದ. ಹದಿನೆಂಟು ವರ್ಷದವನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಕೇಳಿದರು.

“ಉರ್ದೂದಾಗ ಗೊತ್ತಿತ್ರಿ.”

ನಾಳೆಯಿಂದ ಅರ್ಜಿ ಬರೆಯಕೂಡದು ಎಂದರು. ಫಾರಂ ನನ್ನ ಕಡೆ ಸರಿಸಿದರು. ಇದೊಂದನ್ನು ತಿದ್ದಿಕೊಟ್ಟು ಹೋಗು.

‘ನೋ’ ಹೊಡೆದುಹಾಕಿದೆ. ಇಷ್ಯೂ: ಒನ್. ಡಾಟರ್. ನೇಮ್ — ಅಲ್ಲಿ ಕೈ ನಿಂತಿತು. ಇಷ್ಟು ದಿನ ಎಷ್ಟೊಂದು ಶಬ್ದದ ಅರ್ಥ ಕೇಳಿಕೊಂಡು ಅಲೆದೆ. ಈ ಮಗುವಿನ ಹೆಸರು ಕೇಳಿಯೇ ಇರಲಿಲ್ಲ.

ಬಗ್ಗಿ ಕೇಳಿದೆ.

“ರಹೀಮಾ.”

ಮೇಜಿಗೆ ಗಲ್ಲ ಹಚ್ಚಿ ನೋಡುತ್ತಿತ್ತು. ಬೆರಳು ಮತ್ತೆ ಮಸಿಯಲ್ಲಿ. ಗದರಲಿಲ್ಲ. ಅಕ್ಷರ ತಪ್ಪಬಾರದೆಂದು ಒಂದೊಂದೇ ಬಾಯಲ್ಲಿ ಹೇಳುತ್ತ ಬರೆದೆ. ಆರ್... ಎ... ಎಚ್...